ಬೆಂಕಿಗಿಂತ ನೀರಿನದೇ ಚಿಂತೆ: ಹಳೇ ಕಾಲದ ಫೈರ್‌ಮ್ಯಾನ್ ಕೆಲಸ ಹೇಗಿತ್ತು?

ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಅದು ಬರುವುದೂ ಸರಿಯಾದ ಹೊತ್ತಿಗೇ. ಹೊಲದಲ್ಲಿ ಒಣಗಿದ ಸೊಪ್ಪೆ, ಕಣದಲ್ಲಿ ಮೇವಿನ ಬಣವೆ, ಗುಡ್ಡದ ತುಂಬ ಒಣಹುಲ್ಲು. ಒಂದು ಬೀಡಿ ತುಂಡು ಸಾಕು. ಕೆಂಪು ಗಾಡಿ ಬರುತ್ತದೆ, ನೀರು ಹಾರಿಸುತ್ತಾರೆ, ಹತ್ತು ನಿಮಿಷಕ್ಕೆ ನೀರು ಮುಗಿಯುತ್ತದೆ, ಸುತ್ತ ನಿಂತವರು "ನೀರೇ ಇಲ್ಲದ ಗಾಡಿ ತಂದಾರೆ ನೋಡು" ಅಂತ ಬೈಯುತ್ತಾರೆ.

ಗಾಡಿಯಲ್ಲಿ ನೀರು ಇದ್ದೇ ಇರುತ್ತದೆ. ಅದು ಯಾಕೆ ಅಷ್ಟು ಬೇಗ ಮುಗಿಯುತ್ತದೆ, ಮೊಬೈಲೂ ಇಲ್ಲದ ಕಾಲದಲ್ಲಿ ಮೂವತ್ತು ಮೂವತ್ತೈದು ವರ್ಷ ಇದೇ ಕೆಲಸ ಮಾಡಿ ನಿವೃತ್ತರಾದ ಫೈರ್‌ಮ್ಯಾನ್‌ಗಳು ಹೇಗೆ ನಿಭಾಯಿಸುತ್ತಿದ್ದರು, ಅವರ ಆಯುಷ್ಯ ಯಾವುದರಲ್ಲಿ ಕಳೆಯಿತು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಬೆಂಕಿಗೆ ಹಾರುವುದು ಆ ಕೆಲಸದಲ್ಲಿ ಬಹಳ ಕಮ್ಮಿ. ನೀರು ಹುಡುಕುವುದು, ನೀರು ಸಾಗಿಸುವುದು, ಪೈಪು ತೊಳೆಯುವುದು, ಕಾಯುತ್ತಾ ಕೂರುವುದು ಇವೇ ಜಾಸ್ತಿ.

ಏಪ್ರಿಲ್ 14 ಯಾಕೆ?

1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ನಿಂತಿತ್ತು. ಎರಡನೇ ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1400 ಟನ್ ಸ್ಫೋಟಕ ಇತ್ತು. ಚಿನ್ನದ ಗಟ್ಟಿಗಳೂ ಇದ್ದವು. ಜೊತೆಗೆ ಕರಾಚಿಯಲ್ಲಿ ತುಂಬಿದ ಹತ್ತಿ ಬೇಲುಗಳು. ಮಧ್ಯಾಹ್ನ ಆ ಹತ್ತಿಯ ಕಡೆಯಿಂದ ಹೊಗೆ ಕಾಣಿಸಿತು. ಅಗ್ನಿಶಾಮಕ ಸಿಬ್ಬಂದಿ ಬಂದು ನೂರಾರು ಟನ್ ನೀರು ಸುರಿದರೂ ಬೆಂಕಿ ಒಳಗೆ ಎಲ್ಲಿದೆ ಅಂತಲೇ ತಿಳಿಯಲಿಲ್ಲ, ಹೊಗೆ ಅಷ್ಟು ದಟ್ಟವಾಗಿತ್ತು. ಸಂಜೆ 4 ಗಂಟೆ ದಾಟಿದ ಕೆಲವೇ ನಿಮಿಷಕ್ಕೆ ಹಡಗು ಸಿಡಿಯಿತು. 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಊರಿನ ನೂರಾರು ಜನರೂ ಹೋದರು. ಸಪ್ತಾಹ ಅವರ ನೆನಪಿಗೆ.

ಸ್ಫೋಟಕದ ಮಾತು ಎಲ್ಲರೂ ಆಡುತ್ತಾರೆ, ಹತ್ತಿಯ ಮಾತು ಬಿಟ್ಟುಬಿಡುತ್ತಾರೆ. ನಮ್ಮೂರಿಗೆ ಬೇಕಾದದ್ದು ಹತ್ತಿಯ ಮಾತೇ. ಅದಕ್ಕೆ ಆಮೇಲೆ ಬರೋಣ.

ಬೆಂಕಿ ಆರುವುದು ಹೇಗೆ?

ಉರಿಯಲು ಮೂರು ಬೇಕು: ಉರಿಯುವ ವಸ್ತು, ಶಾಖ, ಗಾಳಿಯಲ್ಲಿರುವ ಆಮ್ಲಜನಕ. ಒಂದನ್ನು ಕಿತ್ತುಕೊಂಡರೆ ಬೆಂಕಿ ಸಾಯುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಪಕ್ಕದ ಬಣವೆಯನ್ನು ಎಳೆದು ಹಾಕುವುದು ಮೊದಲನೆಯದು. ನೀರು ಹಾಕುವುದು ಎರಡನೆಯದು. ಬಾಣಲೆಗೆ ಮುಚ್ಚಳ ಮುಚ್ಚುವುದು ಮೂರನೆಯದು. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು, ಹೆಸರಿಟ್ಟಿರಲಿಲ್ಲ ಅಷ್ಟೇ.

ನೀರಿನದೊಂದು ಸ್ವಾರಸ್ಯ ಇದೆ. ಒಂದು ಲೀಟರ್ ತಣ್ಣೀರನ್ನು ಕುದಿ ಬರುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಆ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳೆಂಟು ಪಟ್ಟು ಬೇಕು. ಆ ಶಾಖವನ್ನೆಲ್ಲ ನೀರು ಬೆಂಕಿಯಿಂದಲೇ ಕಿತ್ತುಕೊಳ್ಳುತ್ತದೆ. ಅಂದರೆ ಆವಿಯಾದ ನೀರು ಕೆಲಸ ಮಾಡಿದ ನೀರು, ಹರಿದು ಚರಂಡಿ ಸೇರಿದ್ದು ಬಹುಪಾಲು ದಂಡ. ಪಳಗಿದ ಕೈ ನೀರನ್ನು ಜ್ವಾಲೆಯ ತುದಿಗೆ ಹೊಡೆಯದೆ ಬುಡಕ್ಕೆ ಹೊಡೆಯುತ್ತದೆ, ಜಾಗ ಬದಲಿಸುತ್ತಾ ಹೊಡೆಯುತ್ತದೆ. ಇನ್ನೊಂದು ತೊಂದರೆಯೂ ಇದೆ. ನೀರು ಆವಿಯಾದಾಗ ಸುಮಾರು 1700 ಪಟ್ಟು ಜಾಗ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಬೆಂಕಿಗೆ ಗಾಳಿ ಸಿಗದ ಹಾಗೆ ಮಾಡುತ್ತದೆ ನಿಜ, ಆದರೆ ಬಾಗಿಲಲ್ಲಿ ಪೈಪು ಹಿಡಿದವನ ಕಿವಿ, ಕುತ್ತಿಗೆಯನ್ನೂ ಬೇಯಿಸಿಬಿಡುತ್ತದೆ.

ಗಾಡಿಯ ನೀರು ಎಷ್ಟು ಹೊತ್ತು?

ನಾವು ಸಾಮಾನ್ಯವಾಗಿ ನೋಡುವ ದೊಡ್ಡ ವಾಟರ್ ಟೆಂಡರ್‌ನಲ್ಲಿ 4500 ಲೀಟರ್ ನೀರು ಹಿಡಿಯುತ್ತದೆ. ಅಂಥ ಗಾಡಿಗೆ ಹಾಕುವ ಪಂಪು ಮಿನಿಟಿಗೆ 1800 ಲೀಟರ್ ದಬ್ಬಬಲ್ಲದು. ಲೆಕ್ಕ ಹಾಕಿ. ಪೂರಾ ಬಿಟ್ಟರೆ ಎರಡೂವರೆ ನಿಮಿಷ! ಒಂದೇ ಪೈಪಿನಲ್ಲಿ ಮಿನಿಟಿಗೆ 450 ಲೀಟರ್‌ನಂತೆ ಬಿಟ್ಟರೂ ಹತ್ತೇ ನಿಮಿಷ. ಹಾಗಾಗಿ ಗಾಡಿಯ ನೀರು ಬೆಂಕಿ ಆರಿಸಲಿಕ್ಕೆ ಅಂತ ಲೆಕ್ಕವಿಲ್ಲ, ಬೇರೆ ಕಡೆಯಿಂದ ನೀರು ಬರುವ ತನಕ ತಡೆದು ನಿಲ್ಲಿಸಲಿಕ್ಕೆ. ಗಾಡಿ ಬಂದು ನಿಂತ ಕೂಡಲೇ ಇಬ್ಬರು ಬೆಂಕಿಯ ಕಡೆ ಓಡಿದರೆ ಇಬ್ಬರು ಬೆಂಕಿಗೆ ಬೆನ್ನು ಹಾಕಿ ಓಡುತ್ತಿದ್ದರು. ನೋಡುವವರಿಗೆ ವಿಚಿತ್ರ ಅನಿಸಬಹುದು. ಅವರು ಓಡುತ್ತಿದ್ದುದು ಬಾವಿಗೆ.

ಪೈಪಿನ ಕತೆಯೂ ಕೇಳಿ. ಹಳೇ ಕಾಲದ್ದು ಕ್ಯಾನ್ವಾಸ್ ಪೈಪು, ಒಳಗೆ ರಬ್ಬರ್ ಇಲ್ಲ. ನೂಲು ನೆನೆದು ಉಬ್ಬಿಕೊಂಡ ಮೇಲೆ ಸೋರುವುದು ಕಮ್ಮಿಯಾಗುತ್ತದೆ, ಅಲ್ಲಿಯತನಕ ಉದ್ದಕ್ಕೂ ಬೆವರಿದ ಹಾಗೆ ಜಿನುಗುತ್ತಿರುತ್ತದೆ. ಎರಡೂವರೆ ಇಂಚಿನ 30 ಮೀಟರ್ ಪೈಪು ತುಂಬಿದರೆ ಒಳಗಿನ ನೀರೇ 90 ಕೆಜಿ ದಾಟುತ್ತದೆ. ಅದನ್ನು ಎಳೆದುಕೊಂಡು ದಾವಣಗೆರೆಯ ಚೌಕಿಪೇಟೆಯ ಸಂದಿಯಲ್ಲಿ ತಿರುಗಬೇಕು. ಹೀಗಾಗಿ ಮೊದಲು ಖಾಲಿ ಪೈಪು ಹಾಸಿ, ಕಪ್ಲಿಂಗು ಕೂಡಿಸಿ, ತುದಿಯಲ್ಲಿ ನಿಂತವನು ಕೈ ಎತ್ತಿ ಸನ್ನೆ ಮಾಡಿದ ಮೇಲೇ ಪಂಪಿನವನು ನೀರು ಬಿಡುವುದು. ಮುಂಚೆಯೇ ಬಿಟ್ಟರೆ ಪೈಪು ಅಲ್ಲಾಡಿಸಲೂ ಆಗದು. ನೀರು ಬಂದ ಮೇಲೆ ಪೈಪಿನ ತುದಿಯ ನಾಜಲ್ ಹಿಂದಕ್ಕೆ ಒದೆಯುತ್ತದೆ, ಕೈ ಜಾರಿದರೆ ಆ ಲೋಹದ ತುದಿ ಬೀಸಿ ಹೊಡೆದು ಹಲ್ಲು ಮೂಳೆ ಮುರಿಯುತ್ತದೆ.

ಬಾವಿ ತುಂಬ ನೀರಿದ್ದರೂ ಮೇಲೆ ಬಾರದು

ಈ ಕೆಲಸದಲ್ಲಿ ಹೊರಗಿನವರಿಗೆ ಅರ್ಥವೇ ಆಗದ ಭಾಗ ಇದು. ನನಗಂತೂ ಎಲ್ಲಕ್ಕಿಂತ ಇದೇ ಮುಖ್ಯ ಅನಿಸುತ್ತದೆ.

ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ನಾವು ನೀರನ್ನು ಎಳೆಯುತ್ತೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ನಾವು ತೆಗೆಯುವುದು ಸ್ಟ್ರಾದೊಳಗಿನ ಗಾಳಿಯನ್ನು. ಹೊರಗಿನ ಗಾಳಿಯ ಒತ್ತಡ ಎಳನೀರನ್ನು ಮೇಲಕ್ಕೆ ದಬ್ಬುತ್ತದೆ. ಫೈರ್ ಇಂಜಿನ್ನಿನ ಪಂಪೂ ಹಾಗೇ. ಬಾವಿಗೆ ಇಳಿಬಿಟ್ಟ ಸಕ್ಷನ್ ಪೈಪಿನ ಗಾಳಿಯನ್ನು ಮೊದಲು ತೆಗೆಯುತ್ತಾರೆ, ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ಆಮೇಲೆ ನೀರು ತಾನಾಗಿ ಏರುತ್ತದೆ. ಆದರೆ ಗಾಳಿಯ ಶಕ್ತಿಗೂ ಮಿತಿ ಇದೆ. ಸಮುದ್ರ ಮಟ್ಟದಲ್ಲಿ ಅದು ನೀರನ್ನು ಎತ್ತಬಲ್ಲದ್ದು ಹೆಚ್ಚೆಂದರೆ ಸುಮಾರು 10 ಮೀಟರ್. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಮೇಲೆ, ಅದರಿಂದ ಇನ್ನಷ್ಟು ಕಮ್ಮಿ. ಕೀಲಿನ ಸೋರಿಕೆ, ಪೈಪಿನ ತಡೆ ಎಲ್ಲ ಕಳೆದರೆ ಕೈಗೆ ಸಿಗುವುದು 7 ಮೀಟರ್ ಆಸುಪಾಸು. ಅಂದರೆ 23 ಅಡಿ. ಎಂಥ ದೊಡ್ಡ ಇಂಜಿನ್ ಕೂರಿಸಿದರೂ ಅಷ್ಟೇ. ಮೇಲೆ ಬಂದ ನೀರನ್ನು ಎಷ್ಟು ದೂರಕ್ಕಾದರೂ ದಬ್ಬಬಹುದು, ಕೆಳಗಿನದನ್ನು ಎತ್ತಲಾಗದು.

ಬೇಸಿಗೆಯಲ್ಲಿ ನಮ್ಮ ಕಡೆಯ ಬಾವಿಗಳ ನೀರು ಎಲ್ಲಿರುತ್ತದೆ? 23 ಅಡಿ ಎಂದೋ ದಾಟಿರುತ್ತದೆ. ಬೆಂಕಿ ಹೆಚ್ಚುವ ತಿಂಗಳಲ್ಲೇ ಬಾವಿ ಇಳಿಯುವುದು, ಇದೇ ನೋಡಿ ಗ್ರಹಚಾರ. ಇಂಥಲ್ಲಿ ಹೊತ್ತೊಯ್ಯುವ ಸಣ್ಣ ಪಂಪನ್ನೇ ಬಾವಿಯ ಮೆಟ್ಟಿಲಿಗೆ ಇಳಿಸಬೇಕು, ಇಲ್ಲವೇ ಟ್ರೈಲರ್ ಪಂಪನ್ನು ಕೆರೆ ಅಂಗಳಕ್ಕೆ ಎಳೆದೊಯ್ಯಬೇಕು. ಕೆರೆಯಲ್ಲಿ ಕೆಸರು, ಜೊಂಡು, ಪ್ಲಾಸ್ಟಿಕ್. ಸಕ್ಷನ್ ಬಾಯಿಗೆ ಜರಡಿ ಇರುತ್ತದೆ, ಅದರ ಸುತ್ತ ಬೆತ್ತದ ಬುಟ್ಟಿ ಕಟ್ಟುತ್ತಿದ್ದರು. ಅಷ್ಟಾದರೂ ಒಬ್ಬ ನೀರಿಗಿಳಿದು ಕಸ ಬಿಡಿಸುತ್ತಾ ನಿಲ್ಲಬೇಕು. ಬೆಂಕಿ ಆರಿಸಿದ ಕೀರ್ತಿ ನಾಜಲ್ ಹಿಡಿದವನಿಗೆ, ಸೊಂಟದ ತನಕ ಕೆಸರಲ್ಲಿ ನಿಂತವನನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ಹಳೇ ಫೈರ್‌ಮ್ಯಾನ್‌ನ ದೊಡ್ಡ ಆಸ್ತಿ ಅಂದರೆ ಅವನ ತಲೆಯಲ್ಲಿದ್ದ ಊರು. ಯಾವ ಬಾವಿಯಲ್ಲಿ ಯಾವ ತಿಂಗಳು ಎಷ್ಟು ನೀರು, ಯಾವ ಮಿಲ್ಲಿನೊಳಗೆ ದೊಡ್ಡ ತೊಟ್ಟಿ ಇದೆ, ಅದರ ಬೀಗದ ಕೈ ಯಾರ ಹತ್ತಿರ, ಭದ್ರಾ ನಾಲೆಯಲ್ಲಿ ಈಗ ನೀರು ಬಿಟ್ಟಿದ್ದಾರೋ ಇಲ್ಲವೋ, ಯಾವ ಸಂದಿಯಲ್ಲಿ ಗಾಡಿ ಹೋದರೆ ತಿರುಗಿಸಲಾಗದು. ದಾವಣಗೆರೆಯಲ್ಲಂತೂ ರೈಲು ಹಳಿ ಊರನ್ನು ಸೀಳಿಕೊಂಡು ಹೋಗಿದೆ, ಆಗ ಅಶೋಕ ಟಾಕೀಸ್ ಹತ್ತಿರದ ಗೇಟ್ ಹಾಕಿದ್ದರೆ ಎಷ್ಟು ಗಂಟೆ ಬಾರಿಸಿದರೂ ದಾರಿ ಇರುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಬಂಡೆಗಳ ನಡುವೆ ಮಳೆನೀರು ಹಿಡಿದಿಡುವ ಹೊಂಡಗಳಿವೆ, ಊರೊಳಗೆ ಸಂತೆಹೊಂಡ, ಸಿಹಿನೀರು ಹೊಂಡ. ಪಾಳೇಗಾರರ ಕಾಲದ ಈ ಹೊಂಡಗಳು ಪ್ರವಾಸಿಗೆ ಚೆಂದದ ಜಾಗ, ಬೆಂಕಿ ಆರಿಸುವವನ ಕಣ್ಣಿಗೆ ಮೊದಲು ನೀರು. ವರ್ಗವಾಗಿ ಹೊಸ ಊರಿಗೆ ಬಂದವನು ಮೊದಲು ಇದನ್ನೆಲ್ಲ ನಡೆದು ಕಲಿಯಬೇಕಿತ್ತು.

ಹತ್ತಿ ಊರಿನ ಬೆಂಕಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಬಟ್ಟೆ ಮಿಲ್ಲುಗಳು, ಜಿನ್ನಿಂಗ್ ಫ್ಯಾಕ್ಟರಿಗಳು, ಗೋದಾಮುಗಳು. ಜಿನ್ನಿಂಗ್ ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕೆಲಸ. ಹೊಲದಿಂದ ಬಂದ ಹತ್ತಿಯಲ್ಲಿ ಸಣ್ಣ ಕಲ್ಲೋ ಮೊಳೆಯೋ ಸೇರಿರುತ್ತದೆ, ಅದು ಯಂತ್ರದ ಲೋಹಕ್ಕೆ ತಾಗಿದರೆ ಕಿಡಿ. ಜಂತಿ, ತಂತಿ, ಗೋಡೆ ಮೇಲೆಲ್ಲ ಅರಳೆಯ ಧೂಳು ಕೂತಿರುತ್ತದೆ, ಕಿಡಿ ಬಿದ್ದರೆ ಬೆಂಕಿ ಆ ಧೂಳಿನ ಮೇಲೇ ಓಡಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇನ್ನೊಂದು ತುದಿ ಮುಟ್ಟುತ್ತದೆ.

ಇದಾದರೂ ಕಣ್ಣಿಗೆ ಕಾಣುವ ಬೆಂಕಿ. ಕಾಣದಿರುವುದು ಬೇಲಿನೊಳಗೆ. ಅರಳೆಯನ್ನು ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು 170 ಕೆಜಿಯ ಬೇಲು ಮಾಡುತ್ತಾರೆ. ಒಂದು ಕಿಡಿ ಒಳಗೆ ಸೇರಿಕೊಂಡರೆ ಎಳೆಗಳ ನಡುವಿನ ಅಷ್ಟಿಷ್ಟು ಗಾಳಿಯಲ್ಲೇ ಕನಲುತ್ತಾ ದಿನಗಟ್ಟಲೆ ಇರುತ್ತದೆ. ಹೊರಗೆ ಏನೂ ತಿಳಿಯದು. ನೀರು ಹಾಕೋಣ ಅಂದರೆ ಕಚ್ಚಾ ಹತ್ತಿಯ ಎಳೆಯ ಮೇಲೆ ಸಹಜವಾಗಿ ಮೇಣದ ಪದರ ಇರುತ್ತದೆ, ನೀರು ಒಳಕ್ಕಿಳಿಯದೆ ಜಾರಿಹೋಗುತ್ತದೆ. ಆಸ್ಪತ್ರೆಯ ಹತ್ತಿ ನೀರು ಹೀರುವುದು ಆ ಮೇಣ ತೆಗೆದಿರುವುದರಿಂದ. ಶಾಖಕ್ಕೆ ಕಬ್ಬಿಣದ ಪಟ್ಟಿ ಕಡಿದರೆ ಇನ್ನೂ ಕಷ್ಟ. ಒತ್ತಿಟ್ಟ ಹತ್ತಿ ಅರಳಿಕೊಂಡು ಭಗ್ಗನೆ ಹೊತ್ತುತ್ತದೆ. ಮುಂಬೈ ಹಡಗಿನಲ್ಲಿ ಅಷ್ಟು ನೀರು ಸುರಿದರೂ ಹತ್ತಿಯ ಬೆಂಕಿ ಯಾಕೆ ಬಗ್ಗಲಿಲ್ಲ ಅನ್ನುವುದು ಈಗ ತಿಳಿಯಿತಲ್ವಾ?

ಹತ್ತಿ ಗೋದಾಮಿನ ಬೆಂಕಿ ಅಂದರೆ ಹಳಬರಿಗೆ ಒಂದು ರಾತ್ರಿಯ ಕೆಲಸ ಅಲ್ಲ. ಜ್ವಾಲೆ ಅಡಗಿದ ಮೇಲೆ ಬೇಲುಗಳನ್ನು ಒಂದೊಂದಾಗಿ ಹೊರಗೆಳೆದು, ಪಟ್ಟಿ ಕಡಿದು, ಬಿಡಿಸಿ, ನೆನೆಸಬೇಕು. ಯಾವುದರಲ್ಲಿ ಕಿಡಿ ಇದೆ ಅಂತ ಕೈಯಿಟ್ಟು ಶಾಖ ನೋಡಬೇಕು. ನೋಡುವ ಜನ ಮನೆಗೆ ಹೋಗಿರುತ್ತಾರೆ. ಇವರು ಮಾತ್ರ ಹೊಗೆಯ ನಡುವೆ ಕಾವಲು ಕೂತಿರುತ್ತಾರೆ, ಊಟ ಅಲ್ಲಿಗೇ.

ಎಣ್ಣೆ, ಮಂಡಕ್ಕಿ, ಜಾತ್ರೆ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹೆಸರುವಾಸಿ. ಎಣ್ಣೆಗೆ ಬೆಂಕಿ ಬಿದ್ದರೆ ನೀರು ಹಾಕಬಾರದು. ನೀರು ಭಾರ, ಎಣ್ಣೆಯ ತಳಕ್ಕಿಳಿದು ಅಲ್ಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ಇದಕ್ಕೆ ನೊರೆ ಬೇಕು, ಇಲ್ಲವೇ ಮರಳು. ಹತ್ತಿಬೀಜದ ಎಣ್ಣೆಯಂಥದ್ದನ್ನು ಹೀರಿದ ಬಟ್ಟೆಯ ಗುಡ್ಡೆ ಯಾರೂ ಕಡ್ಡಿ ಗೀರದೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದೂ ಉಂಟು. ಹಸಿಯಾಗಿಯೇ ಒಟ್ಟಿದ ಬಣವೆಯೂ ಹಾಗೆ. "ಯಾರೋ ಆಗದವರು ಹಚ್ಚಿದ್ರು" ಅಂತ ಊರಲ್ಲಿ ಜಗಳ ಏಳುವ ಮುಂಚೆ ಇದನ್ನೂ ಯೋಚಿಸಬೇಕು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಗಲೂ ರಾತ್ರಿ ಒಲೆ, ಪಕ್ಕದಲ್ಲೇ ಹೊಟ್ಟಿನ ರಾಶಿ, ಒತ್ತೊತ್ತಾಗಿ ಸೂರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಭಕ್ತರು ಕೊಬ್ಬರಿ ಸುಡುತ್ತಾರೆ, ಸುತ್ತ ಸಾವಿರಾರು ಜನ. ಇಂಥ ಕಡೆ ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಕೆಲಸ. ಹಳೇ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಕೋಣೆ ಬೇರೆ ಇಟ್ಟು, ಮರಳಿನ ಕೆಂಪು ಬಕೆಟ್ ತೂಗುಹಾಕುತ್ತಿದ್ದುದನ್ನು ನೋಡಿರುತ್ತೀರಿ. 1950ರ ಸುಮಾರಿನ ತನಕ ಬರುತ್ತಿದ್ದ ನೈಟ್ರೇಟ್ ಫಿಲಂ ಹೊತ್ತಿಕೊಂಡರೆ ಹೊರಗಿನ ಗಾಳಿ ಇಲ್ಲದೆಯೂ ಉರಿಯುತ್ತಿತ್ತು.

ಠಾಣೆಯೇ ಮನೆ

ರಾಜ್ಯಕ್ಕೆಲ್ಲ ಒಂದೇ ಅಗ್ನಿಶಾಮಕ ದಳದ ಕಾಯ್ದೆ ಬಂದದ್ದು 1964ರಲ್ಲಿ, ಇನ್ನೂ ಮೈಸೂರು ರಾಜ್ಯ ಅನ್ನುವ ಹೆಸರಿದ್ದಾಗ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಫೈರ್‌ಮ್ಯಾನ್, ಅವನ ಮೇಲೆ ಲೀಡಿಂಗ್ ಫೈರ್‌ಮ್ಯಾನ್, ಮೇಲೆ ಠಾಣಾಧಿಕಾರಿ. ಗಾಡಿಗೆ ಡ್ರೈವರ್, ಪಂಪೂ ಅವನದೇ. ಪಕ್ಕದಲ್ಲೇ ಕ್ವಾರ್ಟರ್ಸ್. ಗಂಟೆ ಬಾರಿಸಿದರೆ ಹೆಂಡತಿ ಮಕ್ಕಳಿಗೂ ಕೇಳುತ್ತದೆ. ಯುಗಾದಿ, ದೀಪಾವಳಿ ಅಂದರೆ ಉಳಿದವರಿಗೆ ಹಬ್ಬ, ಇವರಿಗೆ ಪಟಾಕಿ ಕಿಡಿ ಎಲ್ಲಿ ಬಿತ್ತು ಅನ್ನುವ ಯೋಚನೆ.

ಬೆಳಿಗ್ಗೆ ಪರೇಡು, ಗಾಡಿ ಚಾಲೂ ಮಾಡಿ ಪಂಪು ನೋಡುವುದು, ಪೈಪ್ ಡ್ರಿಲ್, ಏಣಿ ಡ್ರಿಲ್. ಪ್ರತಿಯೊಬ್ಬನಿಗೂ ನಂಬರು, ನಂಬರಿಗೆ ತಕ್ಕ ಕೆಲಸ. ಹೊಗೆಯಲ್ಲಿ ಮುಖ ಕಾಣದು, ಗದ್ದಲದಲ್ಲಿ ಮಾತು ಕೇಳದು, ಆಗ ಕೈಕಾಲು ತಾನಾಗಿ ಕೆಲಸ ಮಾಡಬೇಕು. ಅದಕ್ಕೇ ವರ್ಷಗಟ್ಟಲೆ ಅದೇ ಡ್ರಿಲ್. ಬೆಂಕಿಯಿಂದ ವಾಪಸ್ ಬಂದ ಮೇಲೂ ಮಲಗುವ ಹಾಗಿಲ್ಲ. ಕ್ಯಾನ್ವಾಸ್ ಪೈಪು ಒದ್ದೆಯಾಗಿಯೇ ಸುತ್ತಿಟ್ಟರೆ ಕೊಳೆಯುತ್ತದೆ, ತೊಳೆದು ಒಣಗಿಸಲೇಬೇಕು. ಹಳೇ ಠಾಣೆಗಳಲ್ಲಿ ಸುಮ್ನೆ ನಿಂತಿರುವ ಹಾಗೆ ಕಾಣುವ ಎತ್ತರದ ಗೋಪುರ ಇದಕ್ಕೇ. 30 ಮೀಟರ್ ಪೈಪನ್ನು ನಡುವೆ ಮಡಚಿ ತೂಗುಹಾಕಲು 15 ಮೀಟರ್ ಎತ್ತರ ಬೇಕಲ್ಲ.

ಹೊಗೆ

ಬೆಂಕಿಯಲ್ಲಿ ಹೆಚ್ಚು ಜನ ಸಾಯುವುದು ಸುಟ್ಟು ಅಲ್ಲ, ಹೊಗೆ ಕುಡಿದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಎಲ್ಲರಿಗೂ ಸಿಗದಿದ್ದ ಕಾಲದಲ್ಲಿ ಮುಖಕ್ಕೆ ಒದ್ದೆ ಬಟ್ಟೆ, ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುವುದು, ಸೊಂಟಕ್ಕೆ ಹಗ್ಗ. ಬಿಸಿ ಹೊಗೆ ಮೇಲೇರುವುದರಿಂದ ನೆಲದ ಹತ್ತಿರ ಒಂದಿಷ್ಟು ಉಸಿರಾಡುವ ಗಾಳಿ ಉಳಿದಿರುತ್ತದೆ. ಒದ್ದೆ ಬಟ್ಟೆ ಮಸಿಯನ್ನು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಅನ್ನು ತಡೆಯುವುದಿಲ್ಲ.

ಅಂಥ ಹೊಗೆಯಲ್ಲಿ ಮೂವತ್ತು ವರ್ಷ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಹಳಬರಲ್ಲಿ ಬಹಳ ಮಂದಿ ಇದು ಗೊತ್ತಾಗುವ ಮುಂಚೆಯೇ ನಿವೃತ್ತರಾಗಿದ್ದರು.

ಬೆಂಕಿ ಇಲ್ಲದ ಕರೆ

ಬಾವಿಗೆ ಬಿದ್ದ ಎಮ್ಮೆ, ಮರದ ಮೇಲೆ ಸಿಕ್ಕಿಕೊಂಡವರು, ಹರಿಹರದಲ್ಲಿ ತುಂಗಭದ್ರೆ ಉಕ್ಕಿದಾಗ ದೋಣಿ ಕೆಲಸ. ನಮ್ಮ ಸೀಮೆಗೆ ವಿಶೇಷವಾದ ಒಂದು ಕರೆ ಅಂದರೆ ಹಗೇವು. ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಅದು. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ಭಾರ, ಗುಂಡಿಯಲ್ಲೇ ಕೂರುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಅಣ್ಣನೂ ಬೀಳುತ್ತಾನೆ. ಹಳಬರು ಮೊದಲು ಲಾಂದ್ರ ಇಳಿಬಿಟ್ಟು ದೀಪ ಆರುತ್ತದೆಯೇ ನೋಡುತ್ತಿದ್ದರು. ದೀಪ ಉರಿದರೂ ಪೂರ್ತಿ ನಂಬುವ ಹಾಗಿಲ್ಲ. ಚರಂಡಿ ಗುಂಡಿಯಲ್ಲಂತೂ ದೀಪ ಇಳಿಸಲೇಬಾರದು, ಅಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ.

ಈಗ ಫೋನ್ ಮಾಡುವಾಗ

ಆಗ ಓಡಿಬಂದು ಹೇಳಬೇಕಿತ್ತು ಅಥವಾ ಎಕ್ಸ್‌ಚೇಂಜ್ ಮೂಲಕ ಫೋನು. ಆಮೇಲೆ 101 ಬಂತು, ಈಗ 112 ಒತ್ತಿದರೂ ಆಗುತ್ತದೆ. ಠಾಣೆಯಲ್ಲಿ ಕರೆ ತೆಗೆದುಕೊಳ್ಳುವ ವಾಚ್ ರೂಮಿನಲ್ಲಿ ಕೂತವನಿಗೆ ಬೇಕಾದ ಮಾಹಿತಿ ಮಾತ್ರ ಬದಲಾಗಿಲ್ಲ. "ಬೇಗ ಬರ್ರಿ" ಅಂತ ಇಟ್ಟುಬಿಡಬೇಡಿ. ಉರಿಯುತ್ತಿರುವುದು ಏನು ಅಂತ ಹೇಳಿ: ಹತ್ತಿಯೋ, ಎಣ್ಣೆಯೋ, ಮೇವೋ, ಕರೆಂಟಿನ ಕಂಬವೋ. ಒಳಗೆ ಜನ ಇದ್ದಾರಾ ಹೇಳಿ. ಬೀದಿಯಲ್ಲಿ ದೊಡ್ಡ ಗಾಡಿ ತಿರುಗುತ್ತದಾ, ಹತ್ತಿರದ ಗುಡಿ ಅಥವಾ ಅಂಗಡಿ ಯಾವುದು ಹೇಳಿ. ಸುತ್ತ ಬಾವಿ, ಕೆರೆ, ತೋಟದ ಹೊಂಡ, ನೀರಿನ ದೊಡ್ಡ ತೊಟ್ಟಿ ಎಲ್ಲಿದೆ ಅನ್ನುವುದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ. ಆಮೇಲೆ ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಿ, ಇನ್ನೊಬ್ಬರು ಆ ತೊಟ್ಟಿಯ ಬೀಗ ತೆಗೆಸಿಡಲಿ.